ಮರಣಕ್ಕೆ ಕಾರಣ

ನಮ್ಮ ದುರ್ಗದ ಸೀಮೆಯಲ್ಲಿ ಒಬ್ಬ ಮನುಷ್ಯ ಚೆನ್ನಾಗಿ ಸತ್ತ ಎನ್ನುವುದಕ್ಕೆ ಒಂದು ಮಾತಿದೆ: "ಪುಣ್ಯವಂತ, ಒಂದು ಗುಟುಕು ನೀರು ಕೇಳಲಿಲ್ಲ." ಹಾಸಿಗೆ ಹಿಡಿಯದೆ, ಸೊಸೆಯಂದಿರ ಕೈಲಿ ಬಳಿಸಿಕೊಳ್ಳದೆ, ಕೂತಲ್ಲೇ ಒರಗಿ ಹೋದವರ ಮನೆಯ ಮುಂದೆ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎಂಬತ್ತರ ಮುದುಕನಿಗೆ ಅದು ಒಪ್ಪುತ್ತದೆ. ನಲವತ್ತೈದರವನ ಹೆಣದ ಮುಂದೆಯೂ ಅದೇ ಮಾತು ಬರುತ್ತಿತ್ತು. ಅವನ ಹೆಂಡತಿ ಒಳಗಿನ ಮೂಲೆಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

ನಾನು ೧೯೭೯ರಿಂದ ೨೦೧೫ರವರೆಗೆ ಗ್ರಾಮ ಲೆಕ್ಕಿಗನಾಗಿದ್ದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ತಿರುಗಿ, ಕೊನೆಯ ಕೆಲವು ವರ್ಷ ಚಿತ್ರದುರ್ಗದ ಸುತ್ತಮುತ್ತ ಇದ್ದು ನಿವೃತ್ತನಾದೆ. ಈಗ ಆ ಹುದ್ದೆಗೆ ಗ್ರಾಮ ಆಡಳಿತಾಧಿಕಾರಿ ಎಂಬ ದೊಡ್ಡ ಹೆಸರು ಬಂದಿದೆ. ನಮ್ಮ ಕಾಲದಲ್ಲಿ ಹಳಬರು ನಮ್ಮನ್ನು ಇನ್ನೂ ಶಾನುಭೋಗರು ಎಂದೇ ಕರೆಯುತ್ತಿದ್ದರು. ಪಹಣಿ, ಕಂದಾಯ, ಬೆಳೆಯ ಲೆಕ್ಕ ಇವುಗಳ ಜೊತೆಗೆ ನಮಗೆ ಇನ್ನೊಂದು ಕೆಲಸವಿತ್ತು. ೧೯೬೯ರ ಜನನ ಮರಣ ನೋಂದಣಿ ಕಾಯ್ದೆ ಬಂದ ಮೇಲೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹುಟ್ಟು ಸಾವುಗಳನ್ನು ಆಗ ಬರೆದುಕೊಳ್ಳುತ್ತಿದ್ದವನು ಗ್ರಾಮ ಲೆಕ್ಕಿಗನೇ. ಸತ್ತವರ ಹೆಸರು, ವಯಸ್ಸು, ತಂದೆಯದೋ ಗಂಡನದೋ ಹೆಸರು, ಸತ್ತ ಜಾಗ, ತಾರೀಖು ಬರೆದಾದ ಮೇಲೆ ಒಂದು ಕಾಲಂ ಉಳಿಯುತ್ತಿತ್ತು: ಮರಣಕ್ಕೆ ಕಾರಣ.

ಆ ಕಾಲಮ್ಮನ್ನು ಭರ್ತಿ ಮಾಡಲು ಡಾಕ್ಟರಿಗೆ ಮಾತ್ರ ಅರ್ಹತೆಯಿದೆ ಎಂದು ಓದುಗರು ಭಾವಿಸಬಹುದು. ಹಳ್ಳಿಯ ಮಟ್ಟಿಗೆ ಅದು ಸುಳ್ಳು. ಮನೆಯಲ್ಲಿ ಸತ್ತವನನ್ನು ಯಾವ ಡಾಕ್ಟರೂ ನೋಡಿರುವುದಿಲ್ಲ. ಮನೆಯವರು ಹೇಳಿದ್ದನ್ನು, ಇಲ್ಲವೇ ತಳವಾರ ಹೇಳಿದ್ದನ್ನು, ಪಿಯುಸಿ ಓದಿದ ನಾನು ಬರೆಯಬೇಕು. ಇಡೀ ದೇಶದ ಕಥೆಯೂ ಬಹಳ ಬೇರೆಯಲ್ಲ. ೨೦೨೦ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಶೇಕಡ ೨೨.೫ಕ್ಕೆ ಮಾತ್ರ ವೈದ್ಯರು ಕಾರಣ ಬರೆದುಕೊಟ್ಟಿದ್ದರೆಂದು ಸರ್ಕಾರದ ವರದಿಯೇ ಹೇಳುತ್ತದೆ. ಮಿಕ್ಕವರ ಕಾರಣವನ್ನು ನನ್ನಂಥವರು ಬರೆದಿರುತ್ತಾರೆ, ಅಥವಾ ಬರೆದೇ ಇರುವುದಿಲ್ಲ.

ಮೂವತ್ತಾರು ವರ್ಷದಲ್ಲಿ ಆ ಕಾಲಂನ ಮಾತು ಬದಲಾದದ್ದನ್ನು ನಾನು ಕಂಡಿದ್ದೇನೆ. ನಾನು ಸೇರಿದ ಹೊಸದರಲ್ಲಿ ಜನ "ಗಾಳಿ ಸೋಕಿತ್ತು ಸ್ವಾಮಿ", "ಎದೆ ಹಿಡ್ಕಂಡು ಹೋದ" ಎನ್ನುತ್ತಿದ್ದರು. ಹುಣಸೆಮರದ ಕೆಳಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋದದ್ದು, ಅಮಾವಾಸ್ಯೆಯ ದಿನ ಹೊಲದ ದಾರಿ ಹಿಡಿದದ್ದು, ದಾಯಾದಿಗಳು ಮಾಡಿಸಿದ ಮಾಟ ಇವೆಲ್ಲ ಕಾರಣಗಳೇ. ಎಂಬತ್ತರ ದಶಕ ನಡುವಿಗೆ ಬರುವಾಗ "ಹಾರ್ಟ್ ಫೇಲ್" ಬಂತು. ಪರೀಕ್ಷೆಯಲ್ಲಿ ಹುಡುಗ ಫೇಲಾದ ಹಾಗೆ ಹಾರ್ಟೂ ಒಂದು ದಿನ ಫೇಲಾಗುತ್ತದೆ, ಅದಕ್ಕೆ ಯಾರೇನು ಮಾಡಲು ಬರುತ್ತದೆ ಎಂಬ ಧಾಟಿ. ತೊಂಬತ್ತರ ದಶಕದಲ್ಲಿ "ಹಾರ್ಟ್ ಅಟ್ಯಾಕ್" ಎಂದರು. ನಾನು ನಿವೃತ್ತನಾದ ಮೇಲೆ, ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜಕುಮಾರ್ ೪೬ನೇ ವಯಸ್ಸಿಗೆ ತೀರಿಕೊಂಡರಲ್ಲ, ಅಂದಿನಿಂದ ಕುರಿ ಕಾಯುವವನ ಬಾಯಲ್ಲೂ "ಕಾರ್ಡಿಯಾಕ್ ಅರೆಸ್ಟ್" ನೆಲೆಸಿದೆ.

ಹಾರ್ಟ್ ಅಟ್ಯಾಕಿಗೂ ಕಾರ್ಡಿಯಾಕ್ ಅರೆಸ್ಟಿಗೂ ಏನು ವ್ಯತ್ಯಾಸವೆಂದು ನಾನು ಒಬ್ಬ ಡಾಕ್ಟರನ್ನು ಕೇಳಿದ್ದೆ. ಅವರು ನಮ್ಮ ಕಡೆಯವರು, ತೋಟವಿದ್ದವರು. ಪಂಪ್‌ಸೆಟ್ಟಿನ ಲೆಕ್ಕದಲ್ಲೇ ಹೇಳಿದರು. ಪೈಪಿಗೆ ಹೂಳು ಕಟ್ಟಿ ನೀರು ನಿಂತರೆ ಅದು ಹಾರ್ಟ್ ಅಟ್ಯಾಕು. ಆ ಪೈಪು ಉಣಿಸುವಷ್ಟು ಭಾಗದ ಮಾಂಸಖಂಡ ಒಣಗುತ್ತ ಬರುತ್ತದೆ, ಮನುಷ್ಯನಿಗೆ ನೋವು ಗೊತ್ತಾಗುತ್ತದೆ, ಮಾತಾಡುತ್ತಾನೆ. ಮೂರು ಫೇಸಿನ ಕರೆಂಟಿನಲ್ಲಿ ಒಂದು ಫೇಸು ಹೋದಾಗ ಮೋಟಾರು ಗುಂಯ್ ಎನ್ನುತ್ತದೆ, ನಡುಗುತ್ತದೆ, ನೀರು ಮಾತ್ರ ಎತ್ತುವುದಿಲ್ಲ. ಹೃದಯ ಹಾಗಾದರೆ ಅದು ಅರೆಸ್ಟು. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಎದೆ ಒತ್ತುವವರು ಯಾರೂ ಇಲ್ಲದಿದ್ದರೆ ಉಳಿಯುವ ಸಂಭವ ನಿಮಿಷಕ್ಕೆ ಶೇಕಡ ಏಳರಿಂದ ಹತ್ತರಷ್ಟು ಇಳಿಯುತ್ತ ಹೋಗುತ್ತದೆ. ವಯಸ್ಸಾದವರಲ್ಲಿ ಬಹಳ ಸಲ ಮೊದಲನೆಯದೇ ಎರಡನೆಯದಕ್ಕೆ ದಾರಿ. ಚಿಕ್ಕ ವಯಸ್ಸಿನವರಲ್ಲಿ ಹುಟ್ಟಿನಿಂದ ಬಂದ ಹೃದಯದ ಸ್ನಾಯುವಿನ ದೋಷ, ವಿದ್ಯುತ್ತಿನ ದೋಷಗಳೂ ಇರುತ್ತವೆ. ಹಠಾತ್ ಸಾವು ಎಂದು ವೈದ್ಯಶಾಸ್ತ್ರ ಕರೆಯುವುದು ತೊಂದರೆ ಕಾಣಿಸಿದ ಒಂದು ಗಂಟೆಯೊಳಗಿನ ಸಾವನ್ನು. ಯಾರೂ ನೋಡದಿದ್ದರೆ, ಕೊನೆಯ ಬಾರಿ ಚೆನ್ನಾಗಿದ್ದದ್ದು ಕಂಡ ಇಪ್ಪತ್ನಾಲ್ಕು ಗಂಟೆಯೊಳಗಿನದನ್ನು.

ಹಠಾತ್ ಎಂಬ ಈ ಮಾತಿನ ಮೇಲೇ ನನಗೆ ತಕರಾರು. ಅದನ್ನು ಹೇಳಬೇಕಾದರೆ ನಮ್ಮಣ್ಣನ ವಿಷಯ ಹೇಳಬೇಕು.

೧೯೯೪ರ ಬೇಸಿಗೆ. ಅಣ್ಣನಿಗೆ ನಲವತ್ನಾಲ್ಕು. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಒಂದೂವರೆ ಎಕರೆ ಅಡಿಕೆ, ಮಿಕ್ಕದ್ದು ಹೊಲ. ಕರೆಂಟು ರಾತ್ರಿ ಬಿಡುತ್ತಿದ್ದರು. ಎರಡೂವರೆಗೆ ಎದ್ದು ಬ್ಯಾಟರಿ ಹಿಡಿದು ಹೋಗಿ ಮೋಟಾರು ಹಾಕಿ, ಮಡೆ ತಿರುವಿ ಬರುತ್ತಿದ್ದ. ಆ ದಿನ ನಾಲ್ಕಕ್ಕೆ ಬಂದವನು ಜಗಲಿಯ ಮೇಲೆ ಕೂತು ಅತ್ತಿಗೆಯನ್ನು ಕೂಗಿದನಂತೆ. "ಎದ್ಯಾಗೆ ಒಂಥರಾ ಹಿಂಡ್ದಂಗೆ ಆಗ್ತೈತೆ ಕಣೇ, ಗ್ಯಾಸ್ ಇರ್ಬೇಕು." ಅತ್ತಿಗೆ ಓಮಿನ ನೀರು ಕಾಯಿಸಿ ಕೊಟ್ಟಳು. ಬೆವರುತ್ತಿತ್ತು, ತೋಟದಿಂದ ಬಂದವನು, ಬೆವರದೆ ಏನು ಮಾಡುತ್ತಾನೆ ಎಂದುಕೊಂಡರು. ಎಡಗೈ ಜೋಮು ಎಂದ. ಗುದ್ದಲಿ ಹಿಡಿದದ್ದಕ್ಕೆ ಎಂದುಕೊಂಡರು. ಪಕ್ಕದ ಮನೆಯವರು ಎದ್ದು ಬಂದು ಸೋಡಾ ಕುಡಿಸಿದರು. ಒಂದು ತೇಗು ಬಂತು, ಎಲ್ಲರಿಗೂ ಸಮಾಧಾನವಾಯಿತು. ಏಳೂವರೆಗೆ ಹೊಳಲ್ಕೆರೆಗೆ ಬಸ್ಸಿತ್ತು, ಅದಕ್ಕೆ ಹೋಗಿ ತೋರಿಸೋಣವೆಂದು ಬಟ್ಟೆ ಬದಲಿಸಿ ಕೂತ. ಏಳಕ್ಕೆ ಗೋಡೆಗೆ ಒರಗಿದ್ದವನು ಹಾಗೇ ಪಕ್ಕಕ್ಕೆ ವಾಲಿದ.

ಮೂರು ಗಂಟೆ. ಹಠಾತ್ತಾಗಿ ಹೋದ ಎಂದು ಊರೆಲ್ಲ ಹೇಳಿದ ಸಾವು ಮೂರು ಗಂಟೆ ಕಾಲ ಜಗಲಿಯ ಮೇಲೆ ಕೂತು ನಮ್ಮೊಡನೆ ಮಾತಾಡಿತ್ತು.

ಆ ಸರ್ಕಲ್ಲಿನ ಪ್ರಭಾರ ಆಗ ನನ್ನ ಮೇಲೇ ಇತ್ತು. ಹದಿನಾಲ್ಕನೆಯ ದಿನ ಪುಸ್ತಕ ತೆಗೆದು ಅಣ್ಣನ ಹೆಸರು ಬರೆದೆ. ಕಾರಣದ ಕಾಲಮ್ಮಿಗೆ ಬಂದಾಗ, ಎಲ್ಲರಿಗೂ ಬರೆಯುತ್ತಿದ್ದಂತೆ, "ಸ್ವಾಭಾವಿಕ" ಎಂದು ಬರೆದೆ. ಹಾಗೆ ಬರೆಯುವುದಕ್ಕೊಂದು ಹಿನ್ನೆಲೆಯಿತ್ತು. ವಯಸ್ಸಿನ ಗಂಡಸು ಇದ್ದಕ್ಕಿದ್ದಂತೆ ಸತ್ತರೆ ಪೊಲೀಸು, ಪಂಚನಾಮೆ, ಶವಪರೀಕ್ಷೆ ಎಂಬ ಭಯ ಜನಕ್ಕೆ. "ಕೊಯ್ಸೋದು ಬ್ಯಾಡ ಸ್ವಾಮಿ, ನಿಮ್ ಕಾಲಿಗೆ ಬೀಳ್ತೀವಿ" ಎಂದು ಹೆಂಗಸರು ಅಳುವುದನ್ನು ಕಂಡ ಯಾವ ಲೆಕ್ಕಿಗನೂ ಆ ಕಾಲಂನಲ್ಲಿ ಪ್ರಶ್ನೆ ಏಳಿಸುವ ಪದ ಬರೆಯುತ್ತಿರಲಿಲ್ಲ. ಸ್ವಾಭಾವಿಕ ಎಂಬುದು ನಮ್ಮ ಕರುಣೆಯ ಪದವಾಗಿತ್ತು. ಆ ಕರುಣೆಯಿಂದ ಎಷ್ಟು ಸಾವುಗಳು ಯಾರ ಲೆಕ್ಕಕ್ಕೂ ಸಿಗದೆ ಹೋದವೋ!

ಇದೇನೂ ಹೊಸ ಸಮಸ್ಯೆಯಲ್ಲ. ೧೭೦೫-೦೬ರಲ್ಲಿ ರೋಮ್ ನಗರದಲ್ಲಿ ಜನ ಇದ್ದಕ್ಕಿದ್ದಂತೆ ಸಾಯತೊಡಗಿದರೆಂದು ದೊಡ್ಡ ಗುಲ್ಲೆದ್ದಿತು. ಹೆದರಿದ ಊರಿಗೆ ಉತ್ತರ ಕೊಡಬೇಕಾಗಿ ಹನ್ನೊಂದನೆಯ ಕ್ಲೆಮೆಂಟ್ ಪೋಪರು ತಮ್ಮ ವೈದ್ಯ ಲಾನ್ಸಿಸಿ ಎಂಬವನಿಗೆ ವಿಚಾರಿಸಲು ಹೇಳಿದರು. ಆತ ಹೆಣಗಳನ್ನು ಕೊಯ್ದು ನೋಡಿದ. ೧೭೦೭ರಲ್ಲಿ ಹಠಾತ್ ಸಾವುಗಳ ಕುರಿತು ಲ್ಯಾಟಿನ್ನಿನಲ್ಲಿ ಪುಸ್ತಕವನ್ನೇ ಬರೆದ. ಹೊಸ ಪಿಡುಗು ಯಾವುದೂ ಬಂದಿಲ್ಲ, ಸತ್ತ ಹಲವರ ಹೃದಯ ಮತ್ತು ರಕ್ತನಾಳಗಳು ಮೊದಲೇ ಕೆಟ್ಟಿದ್ದವು ಎಂಬುದು ಅವನಿಗೆ ಕಂಡದ್ದು. ಮುನ್ನೂರು ವರ್ಷ ಕಳೆದ ಮೇಲೆ ನಮ್ಮ ಹಾಸನದಲ್ಲಿ ನಡೆದದ್ದು ಇದೇ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ಲಾನ್ಸಿಸಿ ಸತ್ತವರನ್ನು ನೋಡಿದ. ಬದುಕಿದ್ದವರನ್ನು ಮೊದಲೇ ನೋಡಿಟ್ಟುಕೊಂಡು ಯಾರು ಸಾಯುತ್ತಾರೆಂದು ಕಾಯುವ ಕೆಲಸ ೧೯೪೮ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಸಣ್ಣ ಊರಿನಲ್ಲಿ ಆರಂಭವಾಯಿತು. ೫,೨೦೯ ಜನ ಗಂಡಸರು ಹೆಂಗಸರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಹೋದರು. ರಕ್ತದೊತ್ತಡ, ಕೊಬ್ಬು, ಸಿಗರೇಟು, ಸಕ್ಕರೆ ಕಾಯಿಲೆ ಎಂದು ಇಂದು ನಮ್ಮ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಕೇಳುವ ಪ್ರಶ್ನೆಗಳ ಬೇರು ಅಲ್ಲಿದೆ. ಅದು ಬಿಳಿಯರ ಊರು. ಮುದ್ದೆ ತಿನ್ನುವ, ಬಿಸಿಲಲ್ಲಿ ದುಡಿಯುವ ನಮಗೆ ಅದು ಅನ್ವಯಿಸುವುದಿಲ್ಲ ಎಂದು ನಾವು ಬಹುಕಾಲ ನಂಬಿದ್ದೆವು. ಹಾರ್ಟ್ ಅಟ್ಯಾಕು ಕಾರಿನಲ್ಲಿ ಓಡಾಡುವವರ ಕಾಯಿಲೆ ಎಂಬುದು ನಮ್ಮ ಕಡೆಯ ಒಂದು ಗಟ್ಟಿ ನಂಬಿಕೆ.

ಆ ನಂಬಿಕೆ ಒಡೆದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಇದ್ದಾರೆ. ೧೯೯೬ರಲ್ಲಿ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಮೊದಲ ಸಲ ಹೃದಯಾಘಾತವಾದ ಇನ್ನೂರು ಜನರನ್ನೂ ಅದೇ ವಯಸ್ಸಿನ ಇನ್ನೂರು ಜನ ಇತರರನ್ನೂ ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಮೊದಲ ಅಪರಾಧಿ ಹೊಗೆ: ಸಿಗರೇಟಾಗಲಿ ಬೀಡಿಯಾಗಲಿ. ಬೀಡಿಯ ಹೆಸರು ಆ ಪಟ್ಟಿಯಲ್ಲಿ ಬಂದದ್ದು ನನಗೆ ದೊಡ್ಡದಾಗಿ ಕಂಡಿತು. ಅಣ್ಣ ದಿನಕ್ಕೊಂದು ಕಟ್ಟು ಸೇದುತ್ತಿದ್ದ. ಅದು ಎಲೆ, ಸೊಪ್ಪು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎನ್ನುತ್ತಿದ್ದ. ಅದೇ ಕಾಲೇಜಿನಲ್ಲಿ ಓದಿ ಕೆನಡಾಕ್ಕೆ ಹೋದ ಸಲೀಂ ಯೂಸುಫ್ ಎಂಬವರು ೫೨ ದೇಶಗಳಲ್ಲಿ ನಡೆಸಿದ ಅಧ್ಯಯನ ೨೦೦೪ರಲ್ಲಿ ಹೊರಬಂತು. ಒಂಬತ್ತು ಸಂಗತಿಗಳೇ ಜಗತ್ತಿನ ಬಹುಪಾಲು ಹೃದಯಾಘಾತಗಳಿಗೆ ಲೆಕ್ಕ ಕೊಡುತ್ತವೆ ಎಂದು ಅದು ಹೇಳಿತು. ಆ ಒಂಬತ್ತರಲ್ಲಿ ಮನಸ್ಸಿನ ಒತ್ತಡವೂ ಒಂದು. ನಮ್ಮ ಭಾಗದ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು ೫೩ನೇ ವಯಸ್ಸಿಗೆ ಆಗುತ್ತದೆ, ಬೇರೆಯವರಿಗಿಂತ ಐದಾರು ವರ್ಷ ಮುಂಚೆ ಎಂಬುದೂ ಅದೇ ಅಧ್ಯಯನದಿಂದ ತಿಳಿದ ವಿಷಯ.

ಹಳ್ಳಿಯ ಲೆಕ್ಕ ಯಾರಾದರೂ ಮಾಡಿದ್ದಾರೆಯೇ ಎಂದರೆ ಮಾಡಿದ್ದಾರೆ, ಪಕ್ಕದ ಆಂಧ್ರದಲ್ಲಿ. ೪೫ ಹಳ್ಳಿಗಳ ಒಂದು ಲಕ್ಷ ಎಂಬತ್ತು ಸಾವಿರ ಜನರ ನಡುವೆ ನಡೆದ ಸಾವುಗಳನ್ನು, ಮನೆಮನೆಗೆ ಹೋಗಿ, ಕೊನೆಯ ಗಂಟೆಗಳಲ್ಲಿ ಏನಾಯಿತು ಎಂದು ಕೇಳಿ ಬರೆದುಕೊಂಡರು. ೨೦೧೨ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ನೂರು ಸಾವಿನಲ್ಲಿ ಹತ್ತು ಹಠಾತ್ ಹೃದಯದ ಸಾವು. ಅದನ್ನು ಓದಿದ ದಿನ ನನಗೆ ನನ್ನ ಪುಸ್ತಕಗಳು ನೆನಪಾದವು. ಆ ಜನ ಕೇಳಿದ ಪ್ರಶ್ನೆಗಳನ್ನು ನಾನೂ ಕೇಳಬಹುದಿತ್ತು. ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, "ನೋವು ಎಷ್ಟೊತ್ತಿಗೆ ಶುರುವಾಯ್ತಮ್ಮ?" ಎಂದಿದ್ದರೆ ಸಾಕಿತ್ತು.

ಕೇಳದಿದ್ದರೂ ಕಣ್ಣಿಗೆ ಬಿದ್ದದ್ದಿಷ್ಟು. ಇದು ನನ್ನ ನೆನಪಿನ ಲೆಕ್ಕ, ಶಾಸ್ತ್ರದ ಲೆಕ್ಕವಲ್ಲ. ಹಿರಿಯೂರಿನ ಹೆದ್ದಾರಿಯ ಊರುಗಳಲ್ಲಿ ಲಾರಿ ಡ್ರೈವರುಗಳು. ಬೆಂಗಳೂರು ಪುಣೆಯ ರಸ್ತೆ, ಬಳ್ಳಾರಿಯ ಕಡೆಯ ರಸ್ತೆ, ಮೈಸೂರಿನ ಕಡೆಯ ರಸ್ತೆ ಕೂಡುವ ಊರು ಅದು. ರಾತ್ರಿ ನಿದ್ದೆಗೆಟ್ಟು, ಡಾಬಾದಲ್ಲಿ ಉಂಡು, ಬೀಡಿ ಚಹಾಗಳ ಮೇಲೆ ಗಾಡಿ ಓಡಿಸುವ ಗಂಡಸರು ನಲವತ್ತು ದಾಟುತ್ತಲೇ ನನ್ನ ಪುಸ್ತಕಕ್ಕೆ ಬರುತ್ತಿದ್ದರು. ಹೊಸದುರ್ಗ, ಹೊಳಲ್ಕೆರೆಯ ತೆಂಗು ಅಡಿಕೆಯ ಊರುಗಳಲ್ಲಿ ಬರದ ವರ್ಷಗಳು. ಕೊಳವೆಬಾವಿ ಒಂದಾದ ಮೇಲೊಂದು ಒಣಗಿ, ಬಡ್ಡಿಗೆ ತಂದ ದುಡ್ಡಿನಲ್ಲಿ ಟ್ಯಾಂಕರ್ ನೀರು ತಂದು ಮರದ ಬುಡಕ್ಕೆ ಸುರಿದವರು ಎಷ್ಟೋ ಜನ. ಹೊಸ ಬೋರು ಫೇಲಾದ ವಾರದಲ್ಲೇ ತೋಟದವನೂ ಹೋದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದೇನೆ. ವಿಷ ಕುಡಿದರೆ ಅದು ಸಾಲದ ಸಾವು, ಪರಿಹಾರದ ಅರ್ಜಿ, ಪತ್ರಿಕೆಯಲ್ಲಿ ಸುದ್ದಿ. ಎದೆ ನಿಂತರೆ ಸ್ವಾಭಾವಿಕ.

ಹೆಂಗಸರ ಮಾತು ಇನ್ನೂ ಕಷ್ಟ. ಅವರ ಸಾವಿಗೆ ಸುಸ್ತು, ಆಯಾಸ, ಉಬ್ಬಸ ಎಂದು ಬರೆಸುತ್ತಿದ್ದರು. ಹೆಂಗಸರಲ್ಲಿ ಎದೆನೋವಿನ ಜೊತೆಗೆ, ಕೆಲವು ಸಲ ಎದೆನೋವೇ ಇಲ್ಲದೆ, ಉಸಿರು ಕಟ್ಟುವುದು, ದವಡೆ ಬೆನ್ನು ನೋಯುವುದು, ತೀರ ಸುಸ್ತಾಗುವುದು ಇವೂ ಹೃದಯದ ಸೂಚನೆಗಳಾಗಿರುತ್ತವೆಂದು ಡಾಕ್ಟರುಗಳು ಹೇಳುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಹೆಂಗಸು ಸುಸ್ತು ಎಂದರೆ ಅದನ್ನು ಸೂಚನೆ ಎಂದು ಯಾವ ಮನೆಯವರು ತಿಳಿದಾರು?

ಇನ್ನೊಂದು ವಿಷಯ. ಒಂದು ಊರಿನಲ್ಲಿ ಒಂದು ಮನೆತನವಿತ್ತು. ಆ ಮನೆಯ ಗಂಡಸರಿಗೆ ಐವತ್ತು ದಾಟದ ಶಾಪವಿದೆಯೆಂದು ಜನ ಹೇಳುತ್ತಿದ್ದರು. ಎಂದೋ ಯಾರದೋ ಗದ್ದೆ ಒತ್ತಿಕೊಂಡ ಪಾಪವಂತೆ. ಹಳೆಯ ಪುಸ್ತಕಗಳನ್ನು ತಿರುವಿದಾಗ ಶಾಪ ನಿಜವೇ ಎನ್ನಿಸಿತು: ಒಬ್ಬ ೪೯ಕ್ಕೆ, ಅವನ ತಮ್ಮ ೪೬ಕ್ಕೆ, ಮಗ ೪೧ಕ್ಕೆ. ರಕ್ತದಲ್ಲಿ ಹುಟ್ಟಿನಿಂದಲೇ ಕೆಟ್ಟ ಕೊಬ್ಬು ಹೆಚ್ಚಿರುವ ಮನೆತನಗಳಿರುತ್ತವೆ, ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಗುಳಿಗೆಯಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಮನೆಯವರು ಅಷ್ಟರಲ್ಲಿ ಶಾಪ ನಿವಾರಣೆಗೆಂದು ಎರಡು ಎಕರೆ ಮಾರಿದ್ದರು. ಬೇರೆಯವರ ಮಾತೇಕೆ, ನಮ್ಮಪ್ಪ ೧೯೬೮ರಲ್ಲಿ ಐವತ್ತೊಂದಕ್ಕೆ ಕಣದಲ್ಲಿ ಕುಸಿದು ಹೋದವರು. "ಪುಣ್ಯವಂತ" ಎಂದರು. ಅಪ್ಪನನ್ನೂ ಅಣ್ಣನನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡುವ ಬುದ್ಧಿ ಲೆಕ್ಕ ಬರೆಯುವ ನನಗೇ ಬರಲಿಲ್ಲ. ೨೦೦೯ರಲ್ಲಿ ನನಗೆ ಎದೆನೋವು ಬಂದು, ಬೆಂಗಳೂರಿನಲ್ಲಿ ಸ್ಟೆಂಟು ಹಾಕುವ ಮೊದಲು ಡಾಕ್ಟರು "ಮನೆಯಲ್ಲಿ ಯಾರಿಗಾದರೂ ಇತ್ತೇ?" ಎಂದು ಕೇಳಿದಾಗ ಬಂತು.

ಬೆಂಗಳೂರು ಎಂದಾಗ ನಮ್ಮ ಜನ ಹೇಳುವುದು "ಜಯದೇವಕ್ಕೆ ಹೋಗಿ" ಎಂದು. ಎದೆನೋವು ಎಂದರೆ ಜಯದೇವ ಎನ್ನುವಷ್ಟು ಆ ಹೆಸರು ರಾಜ್ಯದಲ್ಲೆಲ್ಲ ಬೆರೆತುಹೋಗಿದೆ. ಆ ಹೆಸರು ನಮ್ಮ ದುರ್ಗದ್ದು ಎಂಬುದು ಎಷ್ಟೋ ಜನಕ್ಕೆ ತಿಳಿಯದು. ಊರೂರಿನಲ್ಲಿ ಬಡ ಹುಡುಗರಿಗೆ ವಿದ್ಯಾರ್ಥಿನಿಲಯ ತೆರೆದ ಚಿತ್ರದುರ್ಗದ ಮುರುಘಾಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಆ ಸರ್ಕಾರಿ ಹೃದ್ರೋಗ ಸಂಸ್ಥೆಗೆ ಇಟ್ಟಿದ್ದಾರೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿ, ಬನ್ನೇರುಘಟ್ಟ ರಸ್ತೆಗೆ ಬಂದು, ಮೈಸೂರು, ಕಲಬುರಗಿಗಳಿಗೂ ಹರಡಿದ ಸಂಸ್ಥೆ. ಹೆಸರು ನಮ್ಮದು, ಆಸ್ಪತ್ರೆ ಮಾತ್ರ ನಮ್ಮಿಂದ ಇನ್ನೂರು ಕಿಲೋಮೀಟರು ದೂರ. ಆ ದೂರವೇ ನಮ್ಮ ಕಡೆಯ ದೊಡ್ಡ ಕಾಯಿಲೆ ಎಂದು ನನಗೆ ಅನ್ನಿಸುವುದುಂಟು.

ಯಾಕೆಂದರೆ ಮದ್ದು ಇರಲಿಲ್ಲವೆಂದಲ್ಲ. ೧೯೮೮ರಲ್ಲೇ ಹದಿನೇಳು ಸಾವಿರ ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆ, ಹೃದಯಾಘಾತವಾದವರಿಗೆ ಆಸ್ಪಿರಿನ್ ಕೊಟ್ಟರೆ ಸಾವು ನಾಲ್ಕನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆಂದು ತೋರಿಸಿತ್ತು. ಹೆಪ್ಪು ಕರಗಿಸುವ ಔಷಧವನ್ನೂ ಸೇರಿಸಿದರೆ ಇನ್ನೂ ಕಡಿಮೆ. ಅಣ್ಣ ಹೋದದ್ದು ಅದಾಗಿ ಆರು ವರ್ಷದ ಮೇಲೆ. ತಲೆನೋವಿನ ಆಸ್ಪ್ರೋ ಗುಳಿಗೆ ನಮ್ಮೂರ ಪೆಟ್ಟಿಗೆ ಅಂಗಡಿಯ ಗಾಜಿನ ಭರಣಿಯಲ್ಲಿ, ಸೋಡಾ ಬಾಟಲಿಯ ಪಕ್ಕದಲ್ಲೇ ಇತ್ತು. ಅಂಗಡಿಯವನು ಸೋಡಾ ಕೊಟ್ಟ. ಅವನದೇನೂ ತಪ್ಪಿಲ್ಲ, ನಾವು ಕೇಳಿದ್ದು ಅದನ್ನೇ.

ಸೇಂಟ್ ಜಾನ್ಸಿನ ಡಾ. ಡೆನಿಸ್ ಜೇವಿಯರ್ ಮತ್ತು ಸಂಗಡಿಗರು ದೇಶದ ನಾನಾ ಆಸ್ಪತ್ರೆಗಳ ೨೦,೪೬೮ ರೋಗಿಗಳನ್ನು ಲೆಕ್ಕ ಹಾಕಿ ೨೦೦೮ರಲ್ಲಿ ಬರೆದದ್ದನ್ನು ಇಲ್ಲಿ ನೆನೆಯಬೇಕು. ದೊಡ್ಡ ಹೃದಯಾಘಾತವಾದವರು ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಮ ಕಾಲ ೩೬೦ ನಿಮಿಷ. ಆರು ಗಂಟೆ! ಆಸ್ಪತ್ರೆ ಮುಟ್ಟಿದ ಮೇಲೂ ಒಂದು ತಿಂಗಳೊಳಗೆ ಸತ್ತವರು ಬಡವರಲ್ಲಿ ನೂರಕ್ಕೆ ೮.೨, ಸ್ಥಿತಿವಂತರಲ್ಲಿ ೫.೫. ಕಾಯಿಲೆ ಒಂದೇ, ಚಿಕಿತ್ಸೆ ಒಂದೇ ಆಗಿರಲಿಲ್ಲ. ಇದು ಮುಟ್ಟಿದವರ ಲೆಕ್ಕ. ಏಳೂವರೆಯ ಬಸ್ಸಿಗೆ ಕಾದು ಕೂತವರು ಆ ಇಪ್ಪತ್ತು ಸಾವಿರದಲ್ಲಿಲ್ಲ. ೧೦೮ರ ಆಂಬುಲೆನ್ಸು ನಮ್ಮ ರಾಜ್ಯಕ್ಕೆ ಬಂದದ್ದು ೨೦೦೮ರ ನವೆಂಬರಿನಲ್ಲಿ.

ಈಗ ಹಾಸನದ ಮಾತು. ೨೦೨೫ರ ಮೇ, ಜೂನ್ ತಿಂಗಳಲ್ಲಿ ಆ ಜಿಲ್ಲೆಯಲ್ಲಿ ನಲವತ್ತು ದಿನದೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ, ಹಲವರು ಹರೆಯದವರು, ಹೃದಯಾಘಾತದಿಂದ ಸತ್ತರೆಂದು ಸುದ್ದಿ ಹಬ್ಬಿತು. ನಮ್ಮ ಹೊಸದುರ್ಗದ ಸಂತೆಯಲ್ಲೂ ಅದೇ ಮಾತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿದರು. ಕೋವಿಡ್ ಲಸಿಕೆಯಿಂದ ಎಂದರು ಕೆಲವರು, ಜಿಮ್ಮಿನಿಂದ ಎಂದರು ಕೆಲವರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ಬಂದ ವರದಿಯ ಪ್ರಕಾರ ಅಲ್ಲಿ ಹೊಸ ಪಿಡುಗು ಏನೂ ಇರಲಿಲ್ಲ. ಸತ್ತವರಲ್ಲಿ ಎಲ್ಲರದೂ ಹೃದಯದ ಸಾವೂ ಆಗಿರಲಿಲ್ಲ. ಇದ್ದದ್ದು ಬೀಡಿ ಸಿಗರೇಟು, ಮದ್ಯ, ಸಕ್ಕರೆ ಕಾಯಿಲೆ, ಒತ್ತಡ, ಮನೆತನದ ಹಿನ್ನೆಲೆಯಂಥ ಹಳೆಯ ಅಪರಾಧಿಗಳೇ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಇದಕ್ಕೆ ಮೊದಲೇ, ೨೦೨೩ರಲ್ಲಿ, ದೇಶದ ೪೭ ಆಸ್ಪತ್ರೆಗಳ ಮೂಲಕ ೧೮ರಿಂದ ೪೫ ವಯಸ್ಸಿನ ೭೨೯ ಜನರ ಕಾರಣ ತಿಳಿಯದ ಹಠಾತ್ ಸಾವುಗಳನ್ನು ಪರಿಶೀಲಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡಿರಲಿಲ್ಲ. ಕಂಡದ್ದು ಮನೆತನದಲ್ಲಿ ಹಠಾತ್ ಸಾವು, ಕೋವಿಡ್ಡಿನಿಂದ ಆಸ್ಪತ್ರೆ ಸೇರಿದ್ದು, ಸಾಯುವ ಎರಡು ದಿನದೊಳಗೆ ವಿಪರೀತ ಕುಡಿದದ್ದು ಅಥವಾ ವಿಪರೀತ ದೇಹ ದಂಡಿಸಿದ್ದು.

ರೋಮಿನ ಜನ ಹೆದರಿದ್ದಕ್ಕೂ ಹಾಸನದ ಜನ ಹೆದರಿದ್ದಕ್ಕೂ ಕಾರಣ ಒಂದೇ ಎಂದು ನನಗೆ ತೋರುತ್ತದೆ. ಮಾಮೂಲು ವರ್ಷದಲ್ಲಿ ಎಷ್ಟು ಜನ ಹೀಗೆ ಸಾಯುತ್ತಾರೆಂಬ ಲೆಕ್ಕ ಯಾರ ಕೈಯಲ್ಲೂ ಇರಲಿಲ್ಲ. ಲೆಕ್ಕವಿಲ್ಲದ ಕಡೆ ಇಪ್ಪತ್ತು ಹೆಚ್ಚೋ ಕಡಿಮೆಯೋ ಹೇಳುವವರು ಯಾರು? ಹೇಳಬೇಕಾದ ಪುಸ್ತಕದಲ್ಲಿ ನನ್ನಂಥವರು ಸ್ವಾಭಾವಿಕ ಎಂದು ಬರೆದಿದ್ದೇವೆ. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡುವುದು, ಶವಪರೀಕ್ಷೆ ಮಾಡುವುದು ಕಡ್ಡಾಯ ಎಂದು ಆರೋಗ್ಯ ಸಚಿವರು ಆ ಜುಲೈನಲ್ಲಿ ಪ್ರಕಟಿಸಿದರು. ಒಳ್ಳೆಯದೇ. ಆದರೆ "ಕೊಯ್ಸೋದು ಬ್ಯಾಡ ಸ್ವಾಮಿ" ಎಂದು ಕಾಲಿಗೆ ಬೀಳುವವರ ಮುಂದೆ ನಿಂತಿರುವ ಈಗಿನ ಹುಡುಗರ ಪಾಡು ನನಗೆ ಗೊತ್ತು.

ಒಂದು ಬದಲಾವಣೆ ಮಾತ್ರ ಕಣ್ಣಾರೆ ಕಂಡೆ. ಪುನೀತರ ಹೆಸರಿನಲ್ಲಿ ಸರ್ಕಾರ ಹೃದಯಜ್ಯೋತಿ ಎಂಬ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಆ ಗೆರೆಗಳನ್ನು ದೊಡ್ಡ ಆಸ್ಪತ್ರೆಯ ಹೃದಯತಜ್ಞರಿಗೆ ಕಳಿಸುತ್ತಾರೆ, ಅವರು ನೋಡಿ ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಕೊಡುತ್ತಾರೆ. ಹತ್ತಾರು ಸಾವಿರ ರೂಪಾಯಿ ಬೆಲೆಯ ಮದ್ದು, ಉಚಿತ. ೨೦೨೪ರ ಚಳಿಗಾಲದಲ್ಲಿ ಒಂದು ಬೆಳಗಿನ ಜಾವ ಅಣ್ಣನ ಮಗ ಫೋನು ಮಾಡಿದ. ಅವನಿಗೆ ಆಗ ನಲವತ್ತೆರಡು. ಅದೇ ತೋಟ, ಅದೇ ರಾತ್ರಿ ಕರೆಂಟು.

"ಚಿಕ್ಕಪ್ಪ, ಎದೆ ಒಂಥರಾ ಆಗ್ತೈತೆ. ಗ್ಯಾಸ್ ಇರ್ಬೇಕು."

ನಾನು ಬೈದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಆಸ್ಪಿರಿನ್ ಅಗಿದು ನುಂಗಿಸಿ, ಪಕ್ಕದವರ ಕಾರಿನಲ್ಲಿ ನಲವತ್ತು ನಿಮಿಷದಲ್ಲಿ ತಾಲ್ಲೂಕು ಆಸ್ಪತ್ರೆ ಮುಟ್ಟಿಸಿದರು. ನಾನು ಹೋಗುವಷ್ಟರಲ್ಲಿ ಇಸಿಜಿ ಹೋಗಿ, ಉತ್ತರ ಬಂದು, ಚುಚ್ಚುಮದ್ದೂ ಆಗಿತ್ತು. ಆಮೇಲೆ ದಾವಣಗೆರೆಗೆ ಸಾಗಿಸಿ ಸ್ಟೆಂಟು ಹಾಕಿದರು. ಬೀಡಿ ಬಿಟ್ಟಿದ್ದಾನೆ ಎಂದು ಹೇಳುತ್ತಾನೆ.

ಈ ವರ್ಷ ತೋಟದ ಭಾಗ ಪತ್ರಕ್ಕೆಂದು ಅವನು ಅಪ್ಪನ ಮರಣ ಪ್ರಮಾಣಪತ್ರದ ಹೊಸ ನಕಲು ತೆಗೆಸಿದ. ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅದನ್ನು ಹಿಂದೆ ಮುಂದೆ ತಿರುವಿ ನೋಡಿ ಕೇಳಿದ: "ಚಿಕ್ಕಪ್ಪ, ಇದ್ರಾಗೆ ಅಪ್ಪ ಏನಾಗಿ ಸತ್ತ ಅಂತ ಬರ್ದೇ ಇಲ್ವಲ್ಲ?" ಪ್ರಮಾಣಪತ್ರದಲ್ಲಿ ಅದು ಬರುವುದಿಲ್ಲ, ಕಾರಣವನ್ನು ನಕಲಿನಲ್ಲಿ ತೋರಿಸಬಾರದೆಂದು ಕಾಯ್ದೆಯ ಹದಿನೇಳನೆಯ ಕಲಮಿನಲ್ಲೇ ಇದೆ ಎಂದೆ. "ಹಂಗಾದ್ರೆ ಎಲ್ಲೈತೆ?"

ಪುಸ್ತಕದಲ್ಲಿ ಎಂದೆ. ಆ ಹಳೆಯ ಪುಸ್ತಕ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ, ೧೯೯೪ರ ಕಟ್ಟಿನಲ್ಲಿ ಇರಬೇಕು. ಬರೆದದ್ದು ನನ್ನ ಅಕ್ಷರ, ನೀಲಿ ಶಾಯಿ. ಅವನು ಮುಂದೆ ಕೇಳುವ ಮೊದಲು ಅತ್ತಿಗೆ ಒಳಗಿನಿಂದ ಕಾಫಿ ತಂದಳು.